ಅತ್ತೆ ಹುಡುಕಿದ ಬೀದಿ

ನಮ್ಮತ್ತೆಯ ಕೆಲಸ ಬಾಡಿಗೆ ಮನೆ ಹುಡುಕಿಕೊಡುವುದು. ಬ್ರೋಕರ್ ಅಂದರೆ ಅವರಿಗೆ ಸಿಟ್ಟು ಬರುತ್ತದೆ. "ಬ್ರೋಕರ್ ಮನೆ ತೋರಿಸ್ತಾನೆ, ನಾನು ಬೀದಿ ತೋರಿಸ್ತೀನಿ" ಎನ್ನುತ್ತಾರೆ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಝಣಗುಟ್ಟುವುದರಿಂದ ಸುತ್ತಲಿನವರಿಗೆಲ್ಲ ಅವರು ಬೀಗದಮ್ಮ. ಮೆಟ್ಟಿಲ ಕೆಳಗೆ ಆ ಸದ್ದು ಕೇಳಿದ ಕೂಡಲೇ ನಾನು ಕುರ್ಚಿಯ ಮೇಲಿನ ಬಟ್ಟೆಗಳನ್ನೆಲ್ಲ ಮಂಚದ ಕೆಳಗೆ ತಳ್ಳುತ್ತೇನೆ.

ಅವರು ಮನೆ ಪರೀಕ್ಷೆ ಮಾಡುವ ರೀತಿಯೇ ಬೇರೆ. ನಲ್ಲಿ ತಿರುಗಿಸುವುದು, ಗೋಡೆ ತೇವವೇ ಎಂದು ಮುಟ್ಟುವುದು ಎಲ್ಲ ಆಮೇಲೆ. ಮೊದಲು ಒಬ್ಬರೇ ಆ ಬೀದಿಗೆ ಹೋಗುತ್ತಾರೆ. ಕೈಚೀಲದ ತುಂಬ ಕಿತ್ತಳೆ ಹಣ್ಣು. ಜನ ಓಡಾಡುವ ಹೊತ್ತು ನೋಡಿ ಬೇಕೆಂದೇ ಚೀಲ ಜಾರಿಸುತ್ತಾರೆ. ಹಣ್ಣು ದಿಕ್ಕಾಪಾಲಾಗಿ ಉರುಳುವಾಗ ಸೊಂಟ ಹಿಡಿದುಕೊಂಡು "ಅಯ್ಯೋ" ಎನ್ನುತ್ತ ನಿಂತು ನೋಡುತ್ತಾರೆ: ಯಾರು ಕಿಟಕಿ ಮುಚ್ಚಿದರು, ಯಾರು ನಕ್ಕರು, ಯಾರು ಬಗ್ಗಿದರು. ಲೋಕವೆಲ್ಲ ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರೆ ಈ ಹೆಂಗಸು ತಾವೇ ಬಾವಿಗೆ ಇಳಿದು ನೋಡುತ್ತಾರೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ, ಎಂಥ ಮನೆ ಸೇರಿದೆನಪ್ಪ ಎಂದುಕೊಂಡಿದ್ದೆ.

ಇನ್ನು ನಾನು. ಬರೆಯುವಾಗ ಹೀಗೆ ಪಟಪಟನೆ ಬರುವ ಮಾತು ಬಾಯಿಗೆ ಬಂದರೆ ಸಿಕ್ಕಿಕೊಳ್ಳುತ್ತದೆ. ನನಗೆ ಉಗ್ಗು, ಹುಟ್ಟಿದಾಗಿನಿಂದ. ಉಗ್ಗುವುದಕ್ಕಿಂತ ದೊಡ್ಡ ಕಾಟ ಕೇಳುವವರದು. ಅಂಗಡಿಯವನು, ಡಾಕ್ಟರು, ನನ್ನ ಗಂಡ, ಎಲ್ಲರೂ ನನ್ನ ಮಾತನ್ನು ತಾವೇ ಮುಗಿಸಿಕೊಡುತ್ತಾರೆ, ಅದೂ ಮುಕ್ಕಾಲು ಪಾಲು ತಪ್ಪಾಗಿ. ಸಕ್ಕರೆ ಕೇಳಲು ಹೋದರೆ ಸಾಬೂನು ಕೈಗೆ ಬರುತ್ತದೆ. ತಿದ್ದಲು ಇನ್ನೊಂದು ಸಲ ಬಾಯಿ ತೆರೆಯಬೇಕಲ್ಲ ಎಂದು ಸಾಬೂನನ್ನೇ ತಂದುಬಿಡುತ್ತೇನೆ. ಕೆಲಸಕ್ಕೆ ಹೋಗುವ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುತ್ತೇನೆ. ಅಲ್ಲಿ ಮಾತೇ ಬೇಕಾಗಿಲ್ಲ. ಒಟ್ಟಿನಲ್ಲಿ ಎಲ್ಲರ ಪಾಲಿಗೆ ನಾನು ಬಹಳ ಒಳ್ಳೆಯ, ಬಹಳ ಮೌನದ ಹೆಣ್ಣು. ಒಳಗೆ ಎಂಥ ಜಗಳಗಂಟಿ ಇದ್ದಾಳೆಂದು ಅವರಿಗೇನು ಗೊತ್ತು!

ಗೊತ್ತಿದ್ದದ್ದು ಒಂದೇ ಕಡೆ. ಸಂಜೆ ಕೆಲಸ ಮುಗಿಸಿ ಬಂದು ನಾನು ಒಂದು ಆಟದೊಳಗೆ ಹೋಗುತ್ತಿದ್ದೆ. ಕಡಲು, ಕಾಡು, ಕೋಟೆ, ರಾಕ್ಷಸರು ಇರುವ ಮಾಯಾಲೋಕ. ಒಂದೇ ಹೊತ್ತಿಗೆ ಎಲ್ಲೆಲ್ಲಿಂದಲೋ ಸಾವಿರಾರು ಜನ ಅದರೊಳಗೆ ಇಳಿದು, ಒಬ್ಬ ಕತ್ತಿ ಹಿಡಿದರೆ ಇನ್ನೊಬ್ಬಳು ಮಂತ್ರ ಹಾಕುತ್ತಾಳೆ. ನಾನು ವೈದ್ಯೆ. ಕಾದಾಟದಲ್ಲಿ ಬಿದ್ದವರನ್ನು ಎಬ್ಬಿಸುವವಳು. ಅಲ್ಲಿ ಎಲ್ಲರ ಮಾತೂ ಅಕ್ಷರದಲ್ಲಿ, ಟೈಪು ಮಾಡಿ. ನನ್ನಷ್ಟು ವೇಗವಾಗಿ ಟೈಪು ಮಾಡುವವರು ನಮ್ಮ ತಂಡದಲ್ಲೇ ಇರಲಿಲ್ಲ. ನನ್ನ ಚಟಾಕಿಗೆ ಬೆದರಿ ಸೇನಾಪತಿಯೇ ದಾರಿ ಬದಲಿಸುತ್ತಿದ್ದ. "ಈಯಮ್ಮನ ಬಾಯಿಗೆ ಬೀಗ ಹಾಕ್ರೋ" ಎಂದು ಯಾರೋ ಬರೆದ ದಿನ ನಾನು ಎಷ್ಟು ಹಿಗ್ಗಿದೆನೆಂದರೆ, ಆ ಸಾಲನ್ನು ಎರಡು ಮೂರು ಸಲ ಓದಿದೆ.

ಆ ಆಟವನ್ನು ಮುಚ್ಚುತ್ತೇವೆಂದು ಒಂದು ಭಾನುವಾರ ಮಧ್ಯಾಹ್ನ ಕಂಪನಿಯವರು ತಿಳಿಸಿದರು. ನನಗೆ ಅಳು ತಡೆಯಲಿಲ್ಲ. ಅತ್ತೆ ಒಳಗೆ ಬಂದವರು ಗಾಬರಿಯಾದರು.

"ಯಾರು ಹೋದ್ರು? ನಿಮ್ಮಮ್ಮ ಹುಷಾರಾಗಿದಾರೆ ತಾನೆ?"

ನಾನು ಪರದೆ ತೋರಿಸಿದೆ. ಬಾಯಿಂದ ಆಗದೆ ಫೋನಿನಲ್ಲಿ ಬರೆದು ವಿವರಿಸಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಆಮೇಲೆ ನಮ್ಮ ತಂಡದ ಹಳೆಯ ಮಾತುಕತೆಯನ್ನು ತಾವಾಗಿಯೇ ಮೇಲೆ ಸರಿಸಿ ಸರಿಸಿ ಓದಿದರು. ಒಂದು ಕಡೆ ಗೊಳ್ಳೆಂದು ನಕ್ಕರು. ನಗು ನಿಂತಮೇಲೆ ನನ್ನ ಮುಖವನ್ನೇ ನೋಡಿದರು.

"ಇದೆಲ್ಲ ನೀನು ಮಾತಾಡಿದ್ದಾ?"

ತಲೆಯಾಡಿಸಿದೆ.

"ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದೀವಿ. ನೀನು ಇಷ್ಟು ತಮಾಷೆ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲೇ!" ಎಂದರು. ಅವರ ದನಿ ಸಣ್ಣದಾಗಿತ್ತು. ಮರುಕ್ಷಣವೇ ಎಂದಿನ ದನಿ ಬಂತು. "ಸರಿ. ಅಂದ್ರೆ ಮನೆ ಖಾಲಿ ಮಾಡಿ ಅಂದಿದಾರೆ. ಅಷ್ಟೇ ತಾನೆ? ಅದಕ್ಕೆ ಅಳ್ತಾರಾ? ಬೇರೆ ನೋಡೋಣ. ಇದು ನನ್ನ ಕೆಲಸ."

ನಮ್ಮ ತಂಡ ಆಗಲೇ ಚೆಲ್ಲಾಪಿಲ್ಲಿಯಾಗುತ್ತಿತ್ತು, ಒಬ್ಬೊಬ್ಬರು ಒಂದೊಂದು ಆಟದ ಕಡೆಗೆ. ನಾನೂ ಓದಿ, ಹೋಲಿಸಿ, ತೇಲುವ ಕೋಟೆಗಳ ಒಂದು ಹೊಸ ಆಟವನ್ನು ಮನಸ್ಸಿನಲ್ಲೇ ಆರಿಸಿಯೂ ಇದ್ದೆ. ಅತ್ತೆ ಕೇಳಲಿಲ್ಲ. ಬೀದಿ ನೋಡದೆ ಮನೆ ಹಿಡಿಯಬಾರದಂತೆ. ನನ್ನದು ಒಂದೇ ಶರತ್ತು: ಎಲ್ಲರೂ ಮೈಕಿನಲ್ಲಿ ಮಾತಾಡುವ ಆಟ ಮಾತ್ರ ಬೇಡ. ಅವರು ಹೂಂ ಎಂದರು.

ಆ ಕೋಟೆಗಳ ಆಟಕ್ಕೆ ಅವರು ಇಳಿದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಮೊದಲು ವೇಷ ಆರಿಸಬೇಕು. ಚೆಲುವೆಯರು, ರೆಕ್ಕೆಯವರು ಎಲ್ಲರನ್ನೂ ಬಿಟ್ಟು ಮೊಣಕಾಲುದ್ದ ಗಡ್ಡದ ಕುಳ್ಳನೊಬ್ಬನನ್ನು ಆರಿಸಿದರು. "ಗಡ್ಡ ಇದ್ರೆ ಜನ ಸ್ವಲ್ಪ ಮರ್ಯಾದೆ ಕೊಡ್ತಾರೆ" ಅಂತ. ನಡೆಯುವ ಕೀಲಿ ಯಾವುದೆಂದು ಹೇಳಿಕೊಟ್ಟೆ. ಕುಳ್ಳ ಬಹಳ ಹೊತ್ತು ಗೋಡೆಗೆ ಹಣೆ ಚಚ್ಚಿಕೊಂಡ, ಆಮೇಲೆ ಬಾವಿ ಸುತ್ತಿದ, ಕೊನೆಗೆ ಹೇಗೋ ಊರ ಬಾಗಿಲು ದಾಟಿದ. ಆಚೆ ಕಣಿವೆ ತೆರೆದುಕೊಂಡಿತು. ಮೋಡದ ಮೇಲೆ ಕೋಟೆಗಳು ತೇಲುತ್ತಿದ್ದವು, ಅವುಗಳ ನೆರಳು ಕೆಳಗಿನ ಹುಲ್ಲಿನ ಮೇಲೆ ಮೆಲ್ಲಗೆ ಹರಿಯುತ್ತಿತ್ತು. ಅತ್ತೆಯ ಕೈ ಕೀಲಿಗಳ ಮೇಲೆ ಹಾಗೇ ನಿಂತಿತು.

"ಇಷ್ಟು ಆಕಾಶಾನ ಕೂತ್ಕೊಂಡು ಯಾರು ಮಾಡಿದ್ರೇ?" ಎಂದರು. ಊರಿನ ಸಾವಿರ ಕೋಣೆಗಳ ಅಳತೆ ಬಲ್ಲ ಹೆಂಗಸು ಬಾಯಿ ತೆರೆದುಕೊಂಡು ಕೂತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಾತಿಗೊಮ್ಮೆ ಹೇಳುವವರು ಆಗ ಆ ಗಾದೆಯನ್ನೇ ಮರೆತರು. ನನಗೂ ಆ ಆಕಾಶ ಅವರ ಪಕ್ಕ ಕೂತಾಗಲೇ ಸರಿಯಾಗಿ ಕಂಡಿದ್ದು.

ಆಮೇಲೆ ಅವರು ಮಾಡಿದ್ದು ನಾನು ಎಣಿಸದ ಕೆಲಸ. ದಾರಿಬದಿಯ ತೋಳದ ಮುಂದೆ ಹೋಗಿ ಸುಮ್ಮನೆ ನಿಂತರು. "ಬಾರಪ್ಪ, ಬೇಗ ಮುಗಿಸು." ತೋಳ ಮುಗಿಸಿತು. ಕುಳ್ಳ ಅಂಗಾತ ಬಿದ್ದ. ಇಂಥ ಆಟಗಳಲ್ಲಿ ಸತ್ತರೆ ಗುಂಡಿಯೊಂದನ್ನು ಒತ್ತಿ ಊರಿನಲ್ಲಿ ಮತ್ತೆ ಹುಟ್ಟಬಹುದು, ಇಲ್ಲವೇ ದಾರಿಹೋಕರು ಯಾರಾದರೂ ಎಬ್ಬಿಸಬೇಕು. ಗುಂಡಿ ಒತ್ತಿ ಎಂದು ನಾನು ಕೈಸನ್ನೆ ಮಾಡಿದರೆ ಅತ್ತೆ ನನ್ನ ಕೈ ತಳ್ಳಿದರು.

"ಸುಮ್ನಿರು. ಹಣ್ಣು ಚೆಲ್ಲಿದೀನಿ. ಯಾರು ಬರ್ತಾರೆ ನೋಡೋಣ."

ಆಗ ನನಗೆ ಅರ್ಥವಾಯಿತು. ನಾನು ವರ್ಷಗಟ್ಟಲೆ ಆಡಿದ್ದೇನೆ, ನೂರಾರು ಜನರನ್ನು ಎಬ್ಬಿಸಿದ್ದೇನೆ. ಒಂದು ಲೋಕವನ್ನು ಹೀಗೆ ಅಂಗಾತ ಮಲಗಿ ಅಳೆಯಬಹುದೆಂದು ಎಂದೂ ಹೊಳೆದಿರಲಿಲ್ಲ.

ಚಿನ್ನದ ಕವಚದವರು ದಂಡಿಯಾಗಿ ಹಾದುಹೋದರು. ಯಾರೂ ನಿಲ್ಲಲಿಲ್ಲ. ಒಬ್ಬ ನಿಂತ, ಹೆಣದ ಮೇಲೆ ಹತ್ತಿ ಕುಣಿದು ಹೋದ. ಅತ್ತೆ ಕಂಪ್ಯೂಟರ್ ಆಫ್ ಮಾಡಿ ಎದ್ದರು. "ಆಕಾಶ ಚೆನ್ನಾಗಿದೆ. ಜನ ಬೇಡ."

ಎರಡನೆಯದರಲ್ಲಿ ಬಿದ್ದ ಕೂಡಲೇ ಎಬ್ಬಿಸಿದರು. ಮತ್ತೆ ಬಿದ್ದರೆ ಮತ್ತೆ ಎಬ್ಬಿಸಿದರು. ನಾನು ಖುಷಿಯಾದೆ. ಅತ್ತೆ ಹುಬ್ಬು ಗಂಟಿಕ್ಕಿದರು. ಅಲ್ಲಿ ಒಬ್ಬರನ್ನು ಎಬ್ಬಿಸಿದರೆ ಇಷ್ಟು ಅಂಕ ಎಂದು ಲೆಕ್ಕವಿತ್ತು. ಎಬ್ಬಿಸಿದವರು ತಿರುಗಿಯೂ ನೋಡದೆ ಓಡುತ್ತಿದ್ದರು. "ಇವರು ಎತ್ತಿದ್ದು ನನ್ನನ್ನಲ್ಲ ಕಣೇ, ಅಂಕಾನ." ಅದೂ ಹೋಯಿತು. ಮತ್ತೊಂದರಲ್ಲಿ ಹೊಸಬರಿಗೆ ಸಾಯಲು ಅವಕಾಶವೇ ಇರಲಿಲ್ಲ. ಕರಡಿಯ ಬಾಯಿಗೆ ತಲೆ ಕೊಟ್ಟರೂ ಕರಡಿಯೇ ಹಿಂದೆ ಸರಿಯಿತು. "ನೆಮ್ಮದಿಯಾಗಿ ಬೀಳೋಕೂ ಬಿಡದ ಊರು ಇದ್ಯಾವುದೇ" ಎಂದು ಬೈದು ಹೊರಬಂದರು. ಮನೆ ತೋರಿಸುವ ಕೆಲಸ ಮುಗಿಸಿ ಬಂದು ಮುಖ ತೊಳೆದು, ಚಹಾ ಹಿಡಿದು, ದಿನಾ ಸಂಜೆ ಎಲ್ಲಾದರೂ ಒಂದು ಕಡೆ ಹೋಗಿ ಸಾಯುತ್ತಿದ್ದರು. "ಅಮ್ಮ ಎಲ್ಲಿ?" ಎಂದು ಗಂಡ ಕೇಳಿದರೆ ನಾನು ಕೋಣೆಯ ಕಡೆ ಕೈ ತೋರಿಸುತ್ತಿದ್ದೆ.

ಕೊನೆಗೆ ಸಿಕ್ಕಿದ್ದು ಹಳೆಯ ಕಾಲದ ಆಟ. ಮರಗಳು ಪೆಟ್ಟಿಗೆ ಪೆಟ್ಟಿಗೆಯಾಗಿದ್ದವು, ಕಡಲು ನೀಲಿ ಬಟ್ಟೆ ಹಾಸಿದ ಹಾಗಿತ್ತು. ನಾನು ಮೂಗು ಮುರಿದೆ. ಅತ್ತೆ ಅಲ್ಲಿಯೂ ಆರಿಸಿದ ಗಡ್ಡದ ಕುಳ್ಳ ಒಂದು ಸೇತುವೆಯ ಬಳಿ ತೋಳಕ್ಕೆ ಸಿಕ್ಕಿ ಬಿದ್ದ. ಚಹಾ ಆರಿತು. ಯಾರೂ ಬರಲಿಲ್ಲ. ನಾನು ಒಳಗೆ ಹೋಗಿ ಲೋಟ ತೊಳೆಯುತ್ತಿದ್ದೆ. ಯಾರದೋ ಜೊತೆ ಅತ್ತೆ ಮಾತಾಡುವುದು ಕೇಳಿ ಓಡಿ ಬಂದೆ. ಪಾತ್ರೆಯ ಮುಚ್ಚಳದಂಥ ಗುರಾಣಿ ಹಿಡಿದ ಒಬ್ಬ ಹೆಣದ ಪಕ್ಕ ನಿಂತಿದ್ದ. ದನಿ ಸ್ಪೀಕರಿನಿಂದ ಬರುತ್ತಿತ್ತು.

"ಎಬ್ಬಿಸೋಕೆ ನಂಗೆ ಬರಲ್ಲಣ್ಣ, ನಾನೂ ಹೊಸಬ. ಬಲ್ಲೋರು ಯಾರಾದ್ರೂ ಬರ್ತಾರೆ. ಅಲ್ಲೀತನಕ ಕೂತಿರ್ತೀನಿ."

ಗಡ್ಡ ಕಂಡು, ಅತ್ತೆಯ ದಪ್ಪ ದನಿಯೂ ಗಂಡಸಿನದೇ ಎಂದುಕೊಂಡು ಅಣ್ಣ ಎಂದಿದ್ದ. ಅತ್ತೆ ತಿದ್ದಲಿಲ್ಲ. ಅವನು ನಿಜವಾಗಿಯೂ ಕೂತ. ಅಷ್ಟರಲ್ಲಿ ತೋಳ ಹಿಂತಿರುಗಿತು. ಅವನು ಓಡಬಹುದಿತ್ತು. ಓಡದೆ ಮುಚ್ಚಳ ಬೀಸಿದ, ಬೀಸಿ ತಾನೂ ಸತ್ತು ಕುಳ್ಳನ ಪಕ್ಕದಲ್ಲೇ ಬಿದ್ದ. "ಹೋಯ್ತಲ್ಲಣ್ಣ" ಎಂದ. ಇಬ್ಬರೂ ಅಂಗಾತ ಮಲಗಿ ಮಳೆ, ಬೆನ್ನುನೋವು, ಬಸ್ಸುಗಳ ಬಗ್ಗೆ ಮಾತಾಡಿಕೊಂಡರು. ಹೆಣಗಳೆರಡು ಲೋಕಾಭಿರಾಮವಾಗಿ ಹರಟುತ್ತಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಬಹಳ ಹೊತ್ತಿನ ಮೇಲೆ ಹಿರಿಯ ಆಟಗಾರ್ತಿಯೊಬ್ಬಳು ಬಂದು, ತನ್ನ ಸಂಜೀವಿನಿ ಸೀಸೆಗಳನ್ನು ಖರ್ಚು ಮಾಡಿ ಇಬ್ಬರನ್ನೂ ಎಬ್ಬಿಸಿ, ಬೆಂಕಿ ಹಾಕಿದ ಕಡೆಗೆ ಕರೆದುಕೊಂಡು ಹೋದಳು.

"ಇದೇ ಬೀದಿ" ಎಂದರು ಅತ್ತೆ.

ನನ್ನ ನಗು ಅಲ್ಲಿಗೇ ನಿಂತಿತು. ಅವರೆಲ್ಲ ಮಾತಾಡುತ್ತಿದ್ದದ್ದು ಮೈಕಿನಲ್ಲಿ. ನನ್ನ ಒಂದೇ ಒಂದು ಶರತ್ತು! ಸಿಟ್ಟಿಗೆ ಇದ್ದಬದ್ದ ಮಾತೂ ಹೊರಡದೆ ಫೋನಿನಲ್ಲಿ ಉದ್ದಕ್ಕೆ ಬರೆದು ಅವರ ಮುಂದೆ ಹಿಡಿದೆ. ಅತ್ತೆ ಪೂರ್ತಿ ಓದಿದರು.

"ಮೈಕಿಲ್ಲದ ಮನೆ ಬೇಕಾದಷ್ಟು ತೋರಿಸ್ತೀನಿ. ಆದ್ರೆ ಎತ್ತೋಕೆ ಬರ್ದೇ ಇದ್ರೂ ಪಕ್ಕದಲ್ಲಿ ಕೂತ್ಕೊಳ್ಳೋನು ಎಷ್ಟು ಬೀದೀಲಿ ಸಿಕ್ಕಿದಾನೆ ನಂಗೆ? ನೋಡಿದೋಳು ನಾನು, ಇರೋಳು ನೀನು. ಒಂದ್ಸಲ ಒಳಗೆ ಕಾಲಿಡು. ಬೇಡ ಅನ್ನಿಸಿದ್ರೆ ಬಾ, ಯಾರೂ ಕೈ ಹಿಡಿದು ಎಳೆಯಲ್ಲ."

ಮುಖ ಊದಿಸಿಕೊಂಡು ಕೆಲವು ದಿನ ಕಳೆದೆ. ಹಳೆಯ ಆಟದ ಕೊನೆಯ ಸಂಜೆ ಬಂತು. ಅಳಿದುಳಿದವರು ಕಡಲ ದಂಡೆಯಲ್ಲಿ ಸಾಲಾಗಿ ನಿಂತೆವು. ಅವರಿಗೆ ನನ್ನ ದನಿ ಗೊತ್ತಿಲ್ಲ, ನನಗೆ ಅವರ ಮುಖ ಗೊತ್ತಿಲ್ಲ. "ಬೀಗ ಹಾಕೋ ಬಾಯಿಗೆ ನಮಸ್ಕಾರ" ಎಂದು ಸೇನಾಪತಿ ಬರೆದ. ನಾನು ಉತ್ತರ ಟೈಪು ಮಾಡುತ್ತಿದ್ದ ಹಾಗೆಯೇ ಪರದೆ ಕಪ್ಪಾಯಿತು. ಆಮೇಲೆ ಎಷ್ಟು ಟೈಪು ಮಾಡಿದರೂ ಓದುವವರಿಲ್ಲ. ಮನೆಯಲ್ಲಿ ನಾನು ಮತ್ತೆ ಬಹಳ ಒಳ್ಳೆಯ ಹೆಣ್ಣಾಗಿಬಿಟ್ಟೆ. ಅದನ್ನು ತಡೆಯಲಾರದೆ ಮುಂದಿನ ಭಾನುವಾರ ನಾನೇ ಅತ್ತೆಯ ಕೋಣೆಯ ಬಾಗಿಲು ತಟ್ಟಿದೆ.

ನನ್ನದೇ ವೇಷ ತೊಟ್ಟು ಆ ಪೆಟ್ಟಿಗೆ ಮರಗಳ ಲೋಕಕ್ಕೆ ಇಳಿದೆ. ಅತ್ತೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಬೆಂಕಿಯ ಸುತ್ತ ಐದಾರು ಜನ ಕೂತಿದ್ದರು, ಮುಚ್ಚಳದವನೂ ಇದ್ದ.

"ಬನ್ನಿ, ಕೂತ್ಕೊಳ್ಳಿ" ಎಂದ. "ನೀವೇನು ಮಾಡ್ತೀರಿ? ಕತ್ತಿನಾ, ಬಿಲ್ಲಾ?"

"ನಾನು ವ..." ಎಂದೆ. ಅಲ್ಲಿಗೆ ಮಾತು ಸಿಕ್ಕಿಕೊಂಡಿತು. ಈಗ ಶುರುವಾಗುತ್ತದೆ ಎಂದುಕೊಂಡೆ. ಯಾರೋ ವರ್ತಕರಾ ಎನ್ನುತ್ತಾರೆ, ಯಾರೋ ವನದವರಾ ಎನ್ನುತ್ತಾರೆ, ನಾನು ಹೂಂ ಎಂದುಬಿಡುತ್ತೇನೆ.

ಯಾರೂ ಏನೂ ಅನ್ನಲಿಲ್ಲ. ಕಿವಿಯಲ್ಲಿ ಆಟದ ಸೌದೆ ಚಿಟಪಟ ಉರಿಯುವ ಸದ್ದು, ಯಾರದೋ ಮನೆಯಲ್ಲಿ ನಾಯಿ ಬೊಗಳುವ ಸದ್ದು. ನೆಟ್ ಕಡಿಯಿತೇ ಎಂದು ಪರದೆ ನೋಡಿದೆ. ಕಡಿದಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಕೂತಿದ್ದರು. ಮೈಕ್ ಮುಚ್ಚಿ ಅತ್ತೆಯ ಕಡೆ ತಿರುಗಿದೆ. "ಹೇ... ಹೇಳಿದ್ರಾ ಇವ್ರಿಗೆ?"

"ಒಂದಕ್ಷರ ಹೇಳಿಲ್ಲ" ಎಂದರು ಅತ್ತೆ. ಆಣೆ ಇಡುವವರಂತೆ ನನ್ನ ತಲೆಯ ಮೇಲೆ ಕೈಯಿಟ್ಟರು. ಈ ಹೆಂಗಸು ಕತ್ತಲಲ್ಲಿ ಕೈಯಾಡಿಸಿ, ಇಷ್ಟು ಲೋಕಗಳ ನಡುವಿನಿಂದ ಇವರನ್ನು ಹೇಗೆ ಹೆಕ್ಕಿದರು ಎಂದು ನನಗೆ ಇಂದಿಗೂ ತಿಳಿಯದು. ಮೈಕ್ ತೆರೆದೆ.

"ವ... ವ... ವೈದ್ಯೆ."

"ವೈದ್ಯೆ!" ಎಂದ ಮುಚ್ಚಳದವನು, ನಿಧಿ ಸಿಕ್ಕಿದವನ ಹಾಗೆ. "ನಮ್ಮಲ್ಲಿ ವೈದ್ಯರೇ ಇರ್ಲಿಲ್ಲ. ಬೇರೆ ಲೋಕದಿಂದ ಬಂದ್ರಾ? ಅಲ್ಲಿ ಹೇಗಿತ್ತು, ಎಲ್ಲಾ ಹೇಳಿ."

ಹೌದು, ಅಲ್ಲ ಎಂದು ತಪ್ಪಿಸಿಕೊಳ್ಳುವ ಪ್ರಶ್ನೆಯಲ್ಲ ಅದು. ನಾನು ಕಡಲ ದಂಡೆಯಿಂದ ಶುರುಮಾಡಿದೆ. ಸೇನಾಪತಿಯ ಪುಕ್ಕಲುತನ ಹೇಳುವಾಗ ಎಲ್ಲರಿಗಿಂತ ಮೊದಲು ನಕ್ಕವರು ಅತ್ತೆ. ಬಹಳ ಹೊತ್ತು ಹಿಡಿಯಿತು. ಯಾರೂ ಎದ್ದುಹೋಗಲಿಲ್ಲ.