ಅರ್ಧ ದಿನದವರ ಕೋಟು

ಹೊಸಾ ಕೋಟು ಹಾಕ್ಕೊಳ್ಳೋ ಮೊದಲ ನಾ ಇವತ್ತಿಗೂ ಎರಡೂ ತೋಳು ಜೋಡಿಸಿ ಅಳದು ನೋಡ್ತೇನಿ. ನಗ್ರಿ, ಅಡ್ಡಿಯಿಲ್ಲ. ಮುನಸಿಪಾಲ್ಟಿಯೊಳಗ ಅರ್ಧ ದಿನದ ನೌಕರಿ ಮಾಡಿದ್ದರ ನೀವೂ ಅಳೀತಿದ್ರಿ!

ಯುದ್ಧದ ಕಾಲ. ಖರ್ಚು ಉಳಸಬೇಕಂತ ಶಿಗ್ಗಾಂವಿ ರಸ್ತೆಯ ಜಕಾತಿ ನಾಕಾದಾಗ ಒಬ್ಬ ಕಾರಕೂನನ ಜಾಗಾಕ್ಕ ಅರ್ಧರ್ಧ ದಿನ ಅಂತ ನಮ್ಮಿಬ್ಬರನ್ನ ತಗೊಂಡಿದ್ರು. ಊರೊಳಗ ಬರೋ ಚಕ್ಕಡಿಗೆ ಮಧ್ಯಾಹ್ನದ ತನಕ ನಾ ಸುಂಕ ತಗೊಂಡು ಪಾವತಿ ಹರೀಬೇಕು, ಆಮ್ಯಾಲೆ ಸವಣೂರಿನ ಖಾದರಸಾಬರು. ಅರ್ಧ ದಿನ, ಅರ್ಧ ಪಗಾರ, ಸವಲತ್ತೂ ಅರ್ಧ. ಉಳದವರಿಗೆ ತಲಿಗೊಂದು ಛತ್ರಿ, ನಮಗ ಇಬ್ಬರಿಗೂ ಕೂಡಿ ಒಂದು! ಮಧ್ಯಾಹ್ನ ಅದನ್ನ ಖಾದರಸಾಬರ ಕೈಯಾಗ ಕೊಟ್ಟು ನಾ ತೊಯ್ಸಿಕೊಂಡು ಮನಿಗೆ ಹೋಗ್ತಿದ್ದೆ. ನಮ್ಮದು ಪುರಾಣ ಹೇಳೋ ಮನೆತನ ನೋಡ್ರಿ, ಸಿಟ್ಟು ಬಂದಾಗೆಲ್ಲಾ ನರಸಿಂಹದೇವರ ನೆನಪಾಗತಿತ್ತು. ಅಂವಾ ಅರ್ಧ ಮನುಷ್ಯ, ಅರ್ಧ ಸಿಂಹ. ಹಂಗಂತ ಯಾರರೆ ಅವಗ ಅರ್ಧ ನೈವೇದ್ಯ ಇಟ್ಟಾರೇನು?

ಆ ವರ್ಷ ನಮಗೊಂದು ಕೋಟು ಮಂಜೂರಾತು. ಒಂದ! ನಾ ಗಿಡ್ಡ, ಖಾದರಸಾಬರು ತೆಂಗಿನ ಗಿಡ. ಯಾರ ಅಳತಿ ಕೊಡೋದು? ಹೆಡ್ ಕ್ಲಾರ್ಕ ರಾಯರು ಭಾಳ ನ್ಯಾಯವಂತರು. "ಇಬ್ಬರದೂ ಸಮ ಹಕ್ಕದ. ಎಡಗಡೆ ಆಚಾರ್ರ ಅಳತಿ, ಬಲಗಡೆ ಖಾದರಸಾಬರ ಅಳತಿ. ಹೊಲಿ!" ಅಂತ ದರ್ಜಿಗೆ ಹುಕುಂ ಮಾಡಿದ್ರು. ಅಂವಾ ಹಂಗ ಹೊಲದಬಿಟ್ಟ, ಪುಣ್ಯಾತ್ಮ!

ಅದ ವಾರ ನಾ ಹಂಸಭಾವಿಗೆ ಹೆಣ್ಣು ನೋಡಾಕ ಹೋಗೋದಿತ್ತು. ಸುಭದ್ರಾನ್ನ ಒಂದು ಮುಂಜಿವಿಯೊಳಗ ದೂರಿಂದ ನೋಡಿದ್ದೆ. ಅವತ್ತಿನಿಂದ ನನ್ನ ಎದಿ ನನ್ನ ಮಾತು ಕೇಳತಿರಲಿಲ್ಲ. ಆಕಿ ಸಿಗದಿದ್ದರ ಬಾಳೇ ಬ್ಯಾಡ ಅನ್ನೋ ವಯಸ್ಸು. ಬ್ಯಾರೆ ಕೋಟು ಇಲ್ಲ.

"ಹಾಕ್ಕೊಂಡು ಹೋಗ್ರಿ ಆಚಾರ್ರ, ನನ್ನ ಅರ್ಧಾನೂ ನಿಮ್ಮದ. ಉದ್ದನ ತೋಳು ಒಳಗ ಮಡಚಿಕೊಳ್ರಿ, ಯಾರಿಗೆ ಗೊತ್ತಾಕ್ಕೈತಿ?" ಅಂದ್ರು ಖಾದರಸಾಬರು.

ಮಡಚಿದೆ. ಆದ್ರ ಹುಡುಗಿ ಮನಿ ಪಡಸಾಲಿಯೊಳಗ ಚಹಾಕ್ಕ ಕೈ ಚಾಚಿದ್ದ ತಡ, ಮಡಿಕಿ ಬಿಚ್ಚಿ ತೋಳು ನನ್ನ ಬೆರಳೆಲ್ಲಾ ನುಂಗಿ ಬಸಿಯೊಳಗ ಇಳೀತು! ಹುಡುಗಿಯ ಅಪ್ಪ ಕಣ್ಣು ಅಗಲ ಮಾಡಿದ್ರು. ಮುಚ್ಚಿಡೋದೇನು ಉಳೀತು? ಕೋಟು ಅರ್ಧ, ಛತ್ರಿ ಅರ್ಧ, ರಜಾ ಅರ್ಧ ಅಂತ ಎಲ್ಲಾ ಹೇಳಿಬಿಟ್ಟೆ. ಅವರ ಮಾರಿ ಸಣ್ಣದಾತು.

"ಅರ್ಧ ನೌಕರಿಯವಗ ಇಡೀ ಮಗಳನ್ನ ಹ್ಯಾಂಗ ಕೊಡ್ಲಿ?" ಅಂದ್ರು.

ನಾ ಚಹಾದಾಗ ತೊಯ್ದ ತೋಳು ಹಿಂಡಕೋತ ಕೂತೆ. ಆಗ ಬಾಗಲ ಮರಿಯಿಂದ ಸುಭದ್ರಾನ ದನಿ ಬಂತು!

"ಅಪ್ಪಾ, ನೀವು ಇಡೀ ದಿನದ ನೌಕರಿ ಮಾಡಿದ್ರಿ. ಅವ್ವ ಇಡೀ ಆಯುಷ್ಯ ನಿಮ್ಮ ದಾರಿ ಕಾಯ್ಕೋತ ಕೂತಳು. ಇವರು ಮಧ್ಯಾಹ್ನಕ್ಕ ಮನಿಗೆ ಬರ್ತಾರಲ್ಲ."

ಅಪ್ಪ ಅಡಗಿಮನಿ ಕಡೆ ನೋಡಿ, ಒಳಗಿದ್ದ ಹೆಂಡತಿಗೆ ಸಕ್ಕರಿ ತರಾಕ ಹೇಳಿದ್ರು. ಮದುವಿ ಆತು. ಆ ಮಧ್ಯಾಹ್ನಗಳ ಸುಖ ಏನು ಹೇಳಲಿ! ಎದುರಾಎದುರು ಕೂತು ಊಟ, ಊಟದಕಿಂತ ಉದ್ದ ಮಾತು.

ಯುದ್ಧ ಮುಗೀತು. ಖಾದರಸಾಬರಿಗೆ ಬ್ಯಾರೆ ನಾಕಾ ಸಿಕ್ತು, ನನಗ ಇಡೀ ದಿನದ ಹುಕುಂ ಬಂತು. ಇಡೀ ಪಗಾರ, ಇಡೀ ಛತ್ರಿ, ನನ್ನ ಅಳತಿಯ ಇಡೀ ಕೋಟು! ಕುಣಕೋತ ಮನಿಗೆ ಹೋಗಿ ಪೇಢೆದ ಪುಡಕಿ ಸುಭದ್ರಾನ ಕೈಯಾಗಿಟ್ಟು ಸುದ್ದಿ ಹೇಳಿದೆ.

ಆಕಿ ಪುಡಕಿ ಬಿಚ್ಚಲಿಲ್ಲ. "ಹಂಗಾದ್ರ," ಅಂದ್ಲು, "ನಾಳಿಂದ ಮಧ್ಯಾಹ್ನ ಬರಂಗಿಲ್ಲೇನು?"