ಹೊಳೆಯ ನಡುವೆ ಸಿಕ್ಕಿಕೊಂಡ ಕಾಲು

ನನ್ನ ಗೆಳೆಯ ಮದ್ದೂರಿನಲ್ಲಿ ಬೈಕ್ ಮೆಕ್ಯಾನಿಕ್. ಹೈಸ್ಕೂಲಿನಿಂದ ಒಟ್ಟಿಗೆ ಬೆಳೆದವರು ನಾವು. ಎರೆಹುಳು ಚುಚ್ಚಿ ಗಾಳ ಹಾಕುವುದು ಬೇಸರವಾಗಿ, ಅವನು ಮೊಬೈಲಿನಲ್ಲಿ ಯಾರೋ ಹೊರದೇಶದವರನ್ನು ನೋಡಿ ಹೊಸದೊಂದು ಕಲಿತಿದ್ದ. ಹುಂಜದ ಗರಿಯನ್ನು ಗಾಳದ ಕೊಕ್ಕೆಗೆ ದಾರದಿಂದ ಸುತ್ತಿ ನೊಣದ ಹಾಗೆ ಮಾಡಬೇಕು. ಬಳುಕುವ ಕೋಲಿನಿಂದ ಅದನ್ನು ಬೀಸಿ ನೀರಿನ ಮೇಲೆ ಕೂರಿಸಿದರೆ, ನಿಜವಾದ ನೊಣವೆಂದು ನಂಬಿ ಮೀನು ಹಾರಿ ಕಚ್ಚಬೇಕು. ಗಿರಾಕಿಗಳು ಕಾಯುತ್ತಿದ್ದರೂ ಗ್ಯಾರೇಜಿನಲ್ಲಿ ಗರಿ ಸುತ್ತುತ್ತಾ ಕೂತಿರುತ್ತಿದ್ದ. ಭಾರತೀನಗರದ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಮೀನಿನ ಹುಚ್ಚಿಲ್ಲ. ಭಾನುವಾರ ಅವನ ಜೊತೆಗಿರಬಹುದಲ್ಲ ಎಂದು ಹೋಗುತ್ತಿದ್ದೆ.

ಆ ದಿನ ವೈದ್ಯನಾಥಪುರ ದಾಟಿ ಶಿಂಷಾ ಹೊಳೆಗೆ ಹೋಗಿದ್ದೆವು. ಮೇಲಿನ ಅಣೆಕಟ್ಟಿನಿಂದ ನೀರು ಬಿಡದಿದ್ದಾಗ ಅಲ್ಲಿ ಬಂಡೆಗಳೆಲ್ಲ ಎದ್ದು ಕಾಣುತ್ತವೆ. ಮಂಡಿಯುದ್ದದ ನೀರು. ಜಾರಬಾರದೆಂದು ಅವನು ದಪ್ಪ ಬೂಟು ಹಾಕಿಕೊಂಡು ನಡುಹೊಳೆಯಲ್ಲಿ ನಿಂತು ಬೀಸುತ್ತಿದ್ದ. ನಾನು ದಡದಲ್ಲಿ ಹೊಂಗೆಯ ನೆರಳಿಗಿದ್ದೆ. ಒಂದು ಮೀನೂ ಕಚ್ಚಿರಲಿಲ್ಲ.

ಮೊದಲು ನೀರಿನ ಬಣ್ಣ ಬದಲಾಯಿತು. ಆಮೇಲೆ ನೊರೆ, ಕಸಕಡ್ಡಿ ತೇಲಿಬಂದವು. ಮೇಲೆ ನೀರು ಬಿಟ್ಟಿದ್ದರು.

"ಲೇ, ನೀರು ಬತ್ತಾ ಅದೆ, ಆಚೆಗ್ ಬಾರ್ಲಾ!" ಎಂದು ಕೂಗಿದೆ.

ಅವನು ತಿರುಗಿ ಒಂದೆರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ.

"ಕಾಲು ಸಿಗಾಕ್ಕತು ಕಣ್ಲಾ," ಅಂದ.

ನಾನು ಅವನ ಹತ್ತಿರ ಹೋಗುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಬೂಟು ಎರಡು ಬಂಡೆಗಳ ಸಂದಿಯಲ್ಲಿ ಕಣಕಾಲಿನವರೆಗೂ ಹೂತಿತ್ತು. ತೊಡೆ ತಬ್ಬಿ ಎಳೆದೆ. ಅವನು ಚೀರಿದ. ಇನ್ನೊಮ್ಮೆ ಎಳೆದಾಗ ಒಳಗೇನೋ ಲಟಕ್ ಎಂದಿತು. ಕೋಲು ಅವನ ಕೈ ಬಿಟ್ಟು ಯಾವಾಗಲೋ ಕೊಚ್ಚಿಕೊಂಡು ಹೋಗಿತ್ತು. "ಯಾರಾದ್ರೂ ಬನ್ರಪ್ಪೋ" ಎಂದು ಕೂಗಿದೆ. ನೀರಿನ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ನೀರು ಎದೆಗೆ ಬಂದಾಗ ಅವನು ನನ್ನ ಹೆಗಲಿನಿಂದ ಕೈ ತೆಗೆದ. "ನೀನ್ ಓಗು. ಮಗಳ ಓದು ಬುಡಿಸ್ಬ್ಯಾಡ ಅಂತ ಅವರಮ್ಮಂಗೆ ಏಳು."

"ನೀನೇ ಏಳೀಯಂತೆ. ಬಾಯ್ ಮುಚ್ಕೊಂಡ್ ನಿಂತ್ಕೊ," ಎಂದೆ. ಅದು ಧೈರ್ಯವಲ್ಲ. ಆ ನೀರಿನಲ್ಲಿ ಒಬ್ಬನೇ ವಾಪಸು ಹೋಗುವುದಕ್ಕೂ ಅಷ್ಟೇ ಭಯವಾಗಿತ್ತು.

ಗಾಳದ ದಾರ ಕತ್ತರಿಸಲು ಅವನು ಕೊರಳಿಗೊಂದು ನೇಲ್ ಕಟರ್ ಕಟ್ಟಿಕೊಂಡಿದ್ದ. ಅದನ್ನು ಕಿತ್ತುಕೊಂಡು ಮುಳುಗಿದೆ. ಕಣ್ಣಿಗೆ ಕೆಸರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೂಟಿನ ಲೇಸನ್ನು ಬೆರಳಲ್ಲೇ ತಡಕಿ ಕಚಕ್ಕನೆ ಒತ್ತಿದೆ. ಒಂದೆಳೆ ಮಾತ್ರ ತುಂಡಾಯಿತು. ಉಸಿರಿಗೆ ಮೇಲೆ ಬಂದೆ. ಮತ್ತೆ ಮುಳುಗಿದೆ. ಎಷ್ಟು ಸಲ ಹಾಗೆ ಮಾಡಿದೆನೋ ತಿಳಿಯದು. ಒಮ್ಮೆ ಮೇಲೆ ಬಂದಾಗ ಅವನ ಗಲ್ಲ ನೀರಿನಲ್ಲಿತ್ತು, ಮುಖ ಆಕಾಶಕ್ಕೆ ಎತ್ತಿದ್ದ, "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದ. ಕೊನೆಯ ಎಳೆ ತುಂಡಾಗಿ ಬೂಟಿನ ಬಾಯಿ ಸಡಿಲಾಯಿತು. ಕಾಲು ಬೂಟನ್ನು ಅಲ್ಲೇ ಬಿಟ್ಟು ಹೊರಗೆ ಬಂತು. ಅದೇ ಕ್ಷಣ ಇಬ್ಬರನ್ನೂ ನೀರು ಎತ್ತಿಕೊಂಡು ಹೋಯಿತು.

ಸ್ವಲ್ಪ ಕೆಳಗೆ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿದ್ದಳು. ಸೊಪ್ಪು ಕೀಳುವ ಉದ್ದನೆಯ ದೋಟಿಯ ಬುಡವನ್ನು ನೀರಿಗೆ ಚಾಚಿ, "ಇಡ್ಕಳಿ, ಇಡ್ಕಳ್ರಪ್ಪಾ! ಬುಡಬ್ಯಾಡಿ!" ಎಂದು ಕಿರುಚುತ್ತಿದ್ದಳು. ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಅವನ ಕಾಲರನ್ನು ಹಿಡಿದೆ. ಅವಳು ದಡದ ಮರವೊಂದರ ಬೇರಿಗೆ ಕಾಲು ಒತ್ತಿಕೊಟ್ಟು ನಮ್ಮಿಬ್ಬರನ್ನೂ ದಡಕ್ಕೆ ಎಳೆದಳು. ಮೂವರೂ ಮಣ್ಣಿನಲ್ಲಿ ಕೂತೆವು. ಆಡುಗಳು ಯಾರದೋ ಕಬ್ಬಿನ ಗದ್ದೆಗೆ ನುಗ್ಗಿದ್ದವು.

ಮದ್ದೂರಿನ ಆಸ್ಪತ್ರೆಯಲ್ಲಿ ಕಣಕಾಲಿನ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು, ಆದರೆ ಮುಂದೆ ನಡೆಯಬಹುದು ಎಂದರು. ಅವನ ಹೆಂಡತಿ ಓಡಿಬಂದಳು. ಒಳಗೆ ಹೋಗಿ ಗಂಡನನ್ನು ನೋಡಿ, ಹೊರಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತಳು.

"ಅಣ್ಣಾ, ನಿಮಗ್ ಈಜಕ್ ಬತ್ತದಾ?"

"ಸರಿಯಾಗ್ ಬರಕಿಲ್ಲ ಕಣಮ್ಮ."

ಅವಳು ನನ್ನ ಒದ್ದೆ ಪ್ಯಾಂಟನ್ನೇ ನೋಡುತ್ತಿದ್ದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು.