ಖಾಲಿ ಫ್ರೇಮಿನಿಂದ ಬಂದ ಕೂಗು

ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಎಂದು ಯಾರಾದರೂ ಬಂದರೆ, "ಮೊದಲು ವೈರ್ ನೋಡ್ರೀ" ಎಂದು ಕಳಿಸುವವನು ನಾನು. ಹಳೇಬೀಡಿನಲ್ಲಿ ಅಂಗಡಿ ಇಟ್ಟುಕೊಂಡು ವೆಬ್ ಪುಟ ಮಾಡುತ್ತೇನೆ. ನಾನು ಬರೆಯದ್ದನ್ನು ಪುಟ ಮಾಡುವುದಿಲ್ಲ ಎಂದೇ ನಂಬಿದ್ದೆ. ನೀವು ನಂಬಲೇಬೇಕೆಂದು ಇದನ್ನು ಹೇಳುತ್ತಿಲ್ಲ.

ನಮ್ಮೂರ ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡಿಸುವವರು ನೀರುಗಂಟಿ ರಂಗಜ್ಜ. ಏರಿಯ ಮೇಲೆ ನಿಂತು ಅವರು ಯಾರ ಹೆಸರು ಕೂಗುತ್ತಾರೋ ಅವರ ಗದ್ದೆಗೆ ನೀರು. ಅವರ ದನಿ ಸೋತಾಗ ಊರಿನವರು ನನ್ನಿಂದ ಒಂದು ಪುಟ ಮಾಡಿಸಿದರು. ಅದರಲ್ಲಿ ಎರಡು ಫ್ರೇಮ್, ಅಂದರೆ ಬೇರೆ ಬೇರೆಯಾಗಿ ತೆರೆದುಕೊಳ್ಳುವ ಎರಡು ಭಾಗ. ಎಡಗಡೆ ಸರದಿಯ ಪಟ್ಟಿ, ಬಲಗಡೆ ಅಜ್ಜನ ದನಿಯಲ್ಲೇ ರೆಕಾರ್ಡ್ ಮಾಡಿದ ಹೆಸರುಗಳು. ಪಟ್ಟಿಯಲ್ಲಿ ಒಂದು ಹೆಸರು ಒತ್ತಿದರೆ ಎಡ ಫ್ರೇಮಿನ ಸ್ಕ್ರಿಪ್ಟ್ ಬಲ ಫ್ರೇಮಿನ ಫಂಕ್ಷನ್ನನ್ನು, ಅಂದರೆ ದನಿ ಹೊರಡಿಸುವ ಆದೇಶವನ್ನು, ಕರೆಯುತ್ತದೆ, ಏರಿಯ ಮೈಕಿನಲ್ಲಿ ಆ ಹೆಸರು ಕೇಳುತ್ತದೆ. ಎಡದ್ದು ಕರೆಯದೆ ಬಲದ್ದು ಬಾಯಿ ಬಿಡುವಂತಿಲ್ಲ.

ಆ ಬೇಸಿಗೆ ಕೆರೆ ತಗ್ಗಿತ್ತು. ಅಜ್ಜ ಕಾಯಿಲೆ ಬಿದ್ದು ಅರಸೀಕೆರೆಯ ಮಗಳ ಮನೆಗೆ ಹೋದರು. ಪಟ್ಟಿ ನಾನೇ ಮಾಡಿದೆ. ತೂಬಿನ ಪಕ್ಕದ ಗದ್ದೆ ಮೊದಲು, ಕಾಲುವೆಯ ಕಟ್ಟಕಡೆಯ ಗೌರಮ್ಮನವರದು ಕೊನೆಗೆ. ಕೆರೆ ತಗ್ಗಿದ ವರ್ಷ ಕಡೇ ಗದ್ದೆಗೇ ಮೊದಲು ಬಿಡಬೇಕೆಂಬ ಕಟ್ಟಳೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ತೂಬಿನ ಪಕ್ಕದವರು ತುಟಿ ಬಿಚ್ಚಲಿಲ್ಲ. ಒಂಟಿ ಹೆಂಗಸು ಗೌರಮ್ಮನ ಭತ್ತಕ್ಕೆ ಅದು ತೆನೆ ಕಟ್ಟುವ ಹೊತ್ತು.

"ನನ್ ಸರದಿ ಬರೋ ಹೊತ್ಗೆ ನೀರು ಇರ್ತದೇನಪ್ಪಾ?" ಎಂದು ಅವರು ಅಂಗಡಿಗೆ ಬಂದು ಕೇಳಿದರು.

"ಪಟ್ಟೀಲಿ ಇರೋ ಹಂಗೆ ಬರ್ತದೆ ಹೋಗವ್ವಾ" ಎಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಸರದಿ ಶುರು ಮಾಡಲು ಪುಟ ತೆರೆದೆ. ಬಲ ಫ್ರೇಮ್ ಬಂತು. ನೆಟ್ ನಿಧಾನವಿದ್ದು ಎಡದ್ದು ಬರಲೇ ಇಲ್ಲ, ಬರೀ ಬಿಳುಪು. ನನ್ನ ಕೈಯಲ್ಲಿ ಕಾಫಿ ಲೋಟವಿತ್ತು, ಏನನ್ನೂ ಒತ್ತಿರಲಿಲ್ಲ. ಅಷ್ಟರಲ್ಲಿ ಏರಿಯ ಮೈಕಿನಲ್ಲಿ ಅಜ್ಜನ ದನಿ ಕೇಳಿತು. "ಗೌರಮ್ಮಾ!"

ತೂಬಿನ ಬಳಿ ಕಾದಿದ್ದ ಆಳುಗಳು ನೀರನ್ನು ಕಡೇ ಗದ್ದೆಗೆ ತಿರುಗಿಸಿದರು. ಅಜ್ಜನ ದನಿಗೆ ಎದುರಾಡುವವರು ಯಾರಿದ್ದಾರೆ? ಫಂಕ್ಷನ್ನನ್ನು ಕರೆದದ್ದು ಯಾರೆಂದು ಕಂಪ್ಯೂಟರಿನ ದಾಖಲೆ ನೋಡಿದೆ. ಎಡ ಫ್ರೇಮ್ ಎಂದಿತ್ತು. ವಾರ ಕಳೆಯುವುದರಲ್ಲಿ ಕೆರೆಯ ನೀರು ತೂಬಿಗಿಂತ ಕೆಳಗಿಳಿದು ಹರಿಯುವುದು ನಿಂತಿತು; ಅಷ್ಟರೊಳಗೆ ನೀರುಂಡ ಗೌರಮ್ಮನ ಭತ್ತ ಉಳಿಯಿತು.

ಕಟ್ಟಳೆಯ ವಿಷಯ ಆಮೇಲೆ ತಿಳಿದು, ತಪ್ಪೊಪ್ಪಿಕೊಳ್ಳಲು ಅರಸೀಕೆರೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಜ್ಜನ ಮಗಳು ಹೇಳಿದಳು: "ನೀವು ನೀರು ಬಿಟ್ಟ ದಿನ ಬೆಳಿಗ್ಗೆ ಏಳು ಗಂಟೇಲಿ ಅಪ್ಪ ಎದ್ದು ಕೂತ್ಕೊಂಡು, ಗೌರಮ್ಮಾ ಅಂತ ಒಂದೇ ಕೂಗು ಕೂಗ್ತು ಕಣಣ್ಣ. ನಾವು ಹೆದ್ರಿಬಿಟ್ವಿ."

ಅಜ್ಜ ಕಣ್ಣು ತೆರೆದು ನನ್ನನ್ನು ನೋಡಿದರು. "ನೀರು ಹೋಯ್ತೇನ್ಲಾ?"

"ಹೋಯ್ತು ಅಜ್ಜ."

ಅವರು ಮಗ್ಗುಲಿಗೆ ಹೊರಳಿದರು.

ಈಗ ಕೆರೆ ತಗ್ಗಿದರೆ ಪಟ್ಟಿಯಲ್ಲಿ ಗೌರಮ್ಮನ ಹೆಸರೇ ಮೊದಲು. ಎಡ ಫ್ರೇಮನ್ನು ಖಾಲಿ ಬಿಟ್ಟು ಎಷ್ಟೋ ಸಲ ಕೂತು ಕಾದಿದ್ದೇನೆ. ಅದು ಮತ್ತೆ ಯಾರನ್ನೂ ಕರೆದಿಲ್ಲ.